ತಿರುವಿನ ಸದ್ದು

ಗಂಡ ತೀರಿಹೋದ ಮೇಲೆ ಅವಳು ಮೊದಲ ಸಲ ಅವನ ಕಾರನ್ನು ಅವನ ಗೆಳೆಯ ಮೆಲ್ವಿನ್ನನ ಗ್ಯಾರೇಜಿಗೆ ತಂದಿದ್ದಳು. ಹಿಂದಿನ ಚಕ್ರಗಳ ನಡುವೆ ಕೂತು ಅವನ್ನು ತಿರುಗಿಸುವ ಡಿಫರೆನ್ಷಿಯಲ್ ಗಿಯರ್ ತೆಗೆದು, ಸದ್ದು ಮಾಡದ ಬೇರೊಂದನ್ನು ಹಾಕಿಕೊಡಬೇಕು ಎಂದಳು.

ಮೆಲ್ವಿನ್ನನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. ತಿರುವಿನಲ್ಲಿ ಕಾರನ್ನು ಬೇಕೆಂದೇ ಜಾರಿಸುವ ಡ್ರಿಫ್ಟಿಂಗ್‌ಗೆಂದು ಅವನೂ ಅವಳ ಗಂಡನೂ ಸೇರಿ, ಇಡೀ ಭಾನುವಾರ ಕಾರಿನಡಿ ಮಲಗಿ ಕೂರಿಸಿದ ಡಿಫರೆನ್ಷಿಯಲ್ ಅದು.

"ಅತ್ತಿಗೆ, ಜಾರಿಸುವಾಗ ಇದರಷ್ಟು ಹಿಡಿತ ಬೇರೆ ಯಾವುದರಲ್ಲೂ ಸಿಗುದಿಲ್ಲ. ಇದನ್ನು ಹಾಕಿದ ಮೇಲೆಯೇ ಕಾರು ಅವ ಹೇಳಿದ ಹಾಗೆ ಜಾರ್ತಾ ಇದ್ದದ್ದು."

"ನಾನು ಆಫೀಸಿಗೆ, ಮಾರ್ಕೆಟಿಗೆ ಹೋಗುವವಳು ಮೆಲ್ವಿನ್. ನನಗೆ ಜಾರುವುದು ಬೇಡ."

"ದಿನಾ ಓಡಿಸ್ಲಿಕ್ಕೂ ಅಡ್ಡಿಯಿಲ್ಲ. ನಿಧಾನಕ್ಕೆ ತಿರುಗಿಸುವಾಗ ಸ್ವಲ್ಪ ಕಟಕಟ ಶಬ್ದ ಬರ್ತದೆ, ಅಷ್ಟೇ. ಪಕ್ಕದ ಮನೆಯವರ ಕಿರಿಕಿರಿಯಾ?"

"ಅಲ್ಲ."

"ಎಣ್ಣೆ ಬದಲಿಸಿದ್ರೆ ಕಡಿಮೆ ಆಗ್ತದೆ."

"ಕಡಿಮೆಯಾದ್ರೆ ಸಾಲದು. ಕೇಳಲೇಬಾರದು."

ಇಷ್ಟು ಬೇಗ ಗಂಡನ ನೆನಪನ್ನು ಒರೆಸಿಹಾಕಲು ಹೊರಟಳಲ್ಲ ಎಂದು ಮೆಲ್ವಿನ್ನನಿಗೆ ಸಂಕಟವಾಯಿತು. "ಅವನ ಕಾರಿನ ಶಬ್ದ ಕೇಳ್ಲಿಕ್ಕೂ ಆಗುದಿಲ್ವಾ ನಿಮಗೆ?" ಎಂದು ಒರಟಾಗಿಯೇ ಕೇಳಿದ.

"ನನಗೆ ಅದು ಇಷ್ಟ," ಎಂದು ಅವಳು ಕೀಲಿಕೈಯನ್ನು ಬೆಂಚಿನ ಮೇಲಿಟ್ಟಳು. "ಸಂಜೆ ನಮ್ಮ ಓಣಿಗೆ ತಿರುಗಿಸುವಾಗ ಆ ಶಬ್ದ ಬರ್ತದೆ. ಮಗಳು 'ಪಪ್ಪ ಬಂದ್ರು' ಅಂತ ಗೇಟಿಗೆ ಓಡಿ ಬರ್ತಾಳೆ. ಇಳಿಯುವುದು ನಾನು."