ಬೈಯದ ಮೇಷ್ಟ್ರು

“ನಿನ್ನೆ ಮತ್ತೆ ಡ್ರಗ್ಸ್ ಚುಚ್ಕೊಂಡೆ,” ಎಂದು ವೆಲ್ಡರ್ ನೆಲ ನೋಡುತ್ತ ಹೇಳಿದಾಗ, ಎದುರಿಗೆ ಕೂತಿದ್ದ ಮೇಷ್ಟ್ರ ತೋರುಬೆರಳು ತನ್ನಷ್ಟಕ್ಕೇ ಮೇಲೆದ್ದಿತು. ವ್ಯಸನಮುಕ್ತಿ ಕೇಂದ್ರದಲ್ಲಿ ಅವರಿಗೆ ಸಮಾಲೋಚನೆಯ ಕೆಲಸ ಕಲಿಸುತ್ತಿದ್ದ ಆಪ್ತಸಮಾಲೋಚಕಿ ಮೂಲೆಯ ಕುರ್ಚಿಯಲ್ಲಿದ್ದಳು. ಅವರು ಬೈದೇಬಿಡುತ್ತಾರೆಂದು ಅವಳಿಗೆ ಭಯವಾಯಿತು. ಆಯುಷ್ಯವೆಲ್ಲ ಶಾಲೆಯಲ್ಲಿ ಮಕ್ಕಳನ್ನು ಗದರಿಸಿ ನಿವೃತ್ತರಾದ ಮೇಷ್ಟ್ರಿಗೆ ಬುದ್ಧಿವಾದ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಹಿಂದೆ ಬೇರೊಂದು ಕಡೆ ಅಂಥದ್ದೇ ಬುದ್ಧಿವಾದ ಕೇಳಿ ಎದ್ದುಹೋಗಿದ್ದ ವೆಲ್ಡರ್, ಆ ಸಲ ಮಿತಿಮೀರಿ ಚುಚ್ಚಿಕೊಂಡು ಸಾವಿನ ಬಾಯಿಗೆ ಹೋಗಿ ಬಂದಿದ್ದ.

“ಎಷ್ಟು ಸಲ ಹೇಳೋದು ನಿಂಗೆ? ನಮ್ಮ ಮಾನ ಹರಾಜು ಹಾಕ್ದೆ,” ಎಂದು ಜೊತೆಗೆ ಬಂದಿದ್ದ ಅವನ ಅಕ್ಕ ಶುರುಮಾಡಿದಳು. ವೆಲ್ಡರ್ ಕುರ್ಚಿಯ ಹಿಡಿಗೆ ಕೈಯೂರಿ ಅರ್ಧ ಎದ್ದ. ಆಪ್ತಸಮಾಲೋಚಕಿಗೆ ನಡುವೆ ಬಾಯಿ ಹಾಕಬೇಕೆನಿಸಿದರೂ, ಮೇಷ್ಟ್ರೇ ನಿಭಾಯಿಸಲೆಂದು ತಡೆದುಕೊಂಡಳು.

ಮೇಷ್ಟ್ರು ಬೆರಳನ್ನು ಮೆಲ್ಲಗೆ ಮಡಚಿ ಕೈಯನ್ನು ತೊಡೆಯ ಮೇಲಿಟ್ಟರು. “ಒಂದು ಗಳಿಗೆ, ಅಮ್ಮಾ,” ಎಂದು ಅಕ್ಕನಿಗೆ ಹೇಳಿ ವೆಲ್ಡರ್‌ನತ್ತ ವಾಲಿದರು. “ಮುಚ್ಚಿಡಬಹುದಿತ್ತಪ್ಪ, ನೀನು ಬಂದು ಹೇಳ್ದೆ. ಅದಕ್ಕೆ ಗಟ್ಟಿ ಗುಂಡಿಗೆ ಬೇಕು. ನಿನ್ನೆ ಏನಾಯ್ತು ಅಂತ ಹೇಳ್ಬೇಕು ಅನ್ನಿಸಿದ್ರೆ, ನಾನು ಕೇಳ್ತೀನಿ.” ಅಷ್ಟು ಹೇಳಿ ಸುಮ್ಮನಾದರು. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು.

ವೆಲ್ಡರ್ ಮತ್ತೆ ಕೂತ. ಕೆಲಸ ಕೈತಪ್ಪಿದ್ದರಿಂದ ಹಿಡಿದು ಎಲ್ಲವನ್ನೂ ತಡವರಿಸುತ್ತ ಹೇಳಿಕೊಂಡ. ಹೊರಡುವಾಗ ಮೂಲೆಯ ಕುರ್ಚಿಯ ಬಳಿ ನಿಂತು, “ಮೇಡಂ, ತಪ್ಪು ತಿಳ್ಕೋಬೇಡಿ. ಮುಂದಿನ ಸಲಾನೂ ಇವರ ಹತ್ರಾನೇ ಬರ್ಲಾ?” ಎಂದು ಕೇಳಿದ. ತನ್ನ ತಂದೆಯ ವಯಸ್ಸಿನ ಶಿಷ್ಯನ ಕಡೆ ನೋಡಿದ ಆಕೆಯ ಎದೆ ಉಬ್ಬಿತು.

“ಅವರ ಹತ್ರಾನೇ ಬಾ,” ಎಂದಳು.