ಎಷ್ಟು ಎತ್ತರ ಬೇಕು?

"ಎಷ್ಟು ಎತ್ತರ ಬೇಕು?" ಎಂದು ಕೃತಕ ಕಾಲು ಮಾಡುವ ಮೇಸ್ತ್ರಿ ಕೇಳಿದಾಗ ಹೆಂಡತಿಯೊಡನೆ ಬಂದು ಗಾಲಿಕುರ್ಚಿಯಲ್ಲಿ ಕೂತಿದ್ದ ಸೈನಿಕ ತಬ್ಬಿಬ್ಬಾದ. ಅಂಗಿಯ ಅಳತೆ ಕೇಳುವುದುಂಟು, ಚಪ್ಪಲಿಯ ಅಳತೆ ಕೇಳುವುದುಂಟು. ನಿನ್ನ ಎತ್ತರ ನೀನೇ ಹೇಳು ಎಂದು ಹೆತ್ತ ತಾಯಿ ಕೂಡ ಕೇಳಿರಲಿಲ್ಲ.

"ಒಂದೇ ಕಾಲು ಹೋದವರಿಗೆ ಈ ಭಾಗ್ಯ ಇಲ್ಲ ನೋಡಿ. ಇರೋ ಕಾಲಿಗೆ ಸರಿಯಾಗಿ ಮಾಡ್ಬೇಕು, ಅಷ್ಟೇ. ನಿಮ್ಮದು ಎರಡೂ ನನ್ನ ಕೈಯಲ್ಲೇ ಇದೆ!" ಮೇಸ್ತ್ರಿ ನಕ್ಕ. ನೆಲಬಾಂಬು ಸಿಡಿದ ಮೇಲೆ ಸೈನಿಕನ ಕಾಲಿನ ಮಾತೆತ್ತಿ ನಕ್ಕ ಮೊದಲ ಮನುಷ್ಯ ಇವನೇ. ಸೈನಿಕನಿಗೆ ಯಾಕೋ ಹಿತವಾಯಿತು. "ಕಾಲಿನ ಈ ಕೊಳವೆ ಹೀಗೇ ಬಿಟ್ಟರೆ ಮೊದಲಿಗಿಂತ ನಾಲ್ಕು ಇಂಚು ಜಾಸ್ತಿ. ಕತ್ತರಿಸಿದರೆ ಹಳೇ ಎತ್ತರ. ಕುಳ್ಳಗಿದ್ದಷ್ಟೂ ಬೀಳೋದು ಕಡಿಮೆ, ಅದನ್ನೂ ಹೇಳಿಬಿಡ್ತೀನಿ."

"ಕುಳ್ಳ ಅನ್ನೋ ಮಾತೊಂದು ಬೇಡ ಮೇಸ್ತ್ರಿ. ಪಡೆಯಲ್ಲಿ ನನ್ನ ಹೆಸರೇ ಅದಾಗಿತ್ತು. ಮದುವೆ ಫೋಟೋಗೆ ಇವಳ ಪಕ್ಕ ಇಟ್ಟಿಗೆ ಮೇಲೆ ನಿಂತಿದ್ದೆ. ಹೀಗೇ ಇರಲಿ. ಬಿದ್ರೆ ಎದ್ದೇಳ್ತೀನಿ."

"ಬೇಡ ರೀ, ಮೊದಲಿನಷ್ಟೇ ಸಾಕು," ಎಂದಳು ಹೆಂಡತಿ ಥಟ್ಟನೆ. ಅವನು ಆಸ್ಪತ್ರೆ ಸೇರಿದಂದಿನಿಂದ ಅವನ ಯಾವ ಮಾತಿಗೂ ಬೇಡ ಅಂದವಳಲ್ಲ. ಇದಕ್ಕೇಕೆ ಅಡ್ಡ ಬಂದಳೆಂದು ಮೇಸ್ತ್ರಿಗೂ ಕುತೂಹಲವಾಯಿತು. ಬಿದ್ದಾನೆಂಬ ಹೆದರಿಕೆ ಇರಬೇಕು ಎಂದುಕೊಂಡ.

"ನಿಂತು ನೋಡಿ, ಆಮೇಲೆ ಹೇಳಿ. ಒಮ್ಮೆ ಕತ್ತರಿಸಿದ್ರೆ ಮತ್ತೆ ಬೆಳೆಸೋಕೆ ನನ್ನಿಂದಾಗಲ್ಲ," ಎಂದು ಮೇಸ್ತ್ರಿ ಎರಡೂ ಕಾಲುಗಳನ್ನು ತೊಡಿಸಿ ಪಟ್ಟಿ ಬಿಗಿದ.

ಸೈನಿಕ ಅಕ್ಕಪಕ್ಕದ ಕಂಬಿಗಳನ್ನು ಹಿಡಿದು ಎದ್ದ. ಕಿಟಕಿ, ಬೀರು, ಗೋಡೆಯ ಗಡಿಯಾರ ಎಲ್ಲವೂ ಒಮ್ಮೆಲೇ ಕೆಳಗಿಳಿದಂತಾಯಿತು. ಅವನು ಮುಂದಕ್ಕೆ ವಾಲಿದ. ಹೆಂಡತಿ ಓಡಿಬಂದು ತಲೆ ತಗ್ಗಿಸಿ ಅವನ ಸೊಂಟವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಳು.

ಅವನು ಕೆಳಗೆ ನೋಡಿದ. ಅವಳ ಹಣೆಯ ಮೇಲಿನ ಕೂದಲೂ ಜಡೆಯೂ ಎಂದಿನಂತೆ ಕಪ್ಪಗಿದ್ದವು. ನಡುನೆತ್ತಿ ಮಾತ್ರ ಒಂದೆಳೆಯೂ ಕಪ್ಪು ಉಳಿಯದಂತೆ ಬೆಳ್ಳಗಾಗಿತ್ತು.

"ಇದು ಯಾವಾಗ ಆಯ್ತು?"

ಅವಳಿಗೆ ನೆತ್ತಿ ಮುಚ್ಚಿಕೊಳ್ಳಬೇಕೆನಿಸಿತು. ಆದರೆ ಕೈ ಬಿಟ್ಟರೆ ಅವನು ಬೀಳುತ್ತಾನೆ. ಹಾಗೇ ಹಿಡಿದುಕೊಂಡು, "ನಿಮ್ಮ ಸುದ್ದಿ ಬಂದ ಮೇಲೆ," ಎಂದಳು. "ಕುರ್ಚಿಯಿಂದ ಎಷ್ಟು ಕಾಣುತ್ತೋ ಅಷ್ಟಕ್ಕೆ ಮಾತ್ರ ಬಣ್ಣ ಹಚ್ಕೊಳ್ತಿದ್ದೆ."

ಗರಗಸ ಹಿಡಿದು ನಿಂತಿದ್ದ ಮೇಸ್ತ್ರಿ ಕೆಮ್ಮಿದ. "ಏನ್ ಮಾಡ್ಲಿ? ಕತ್ತರಿಸ್ಲಾ?"

"ಬೇಡ ಮೇಸ್ತ್ರಿ," ಎಂದ ಸೈನಿಕ. "ಇಲ್ಲಿಂದ ಇವಳು ಪೂರ್ತಿ ಕಾಣ್ತಾಳೆ."