ಮೂರನೇ ದ್ವೀಪದ ಜಗಲಿ

ಹರಾಜು ಮುಗಿಯಲು ಒಂಬತ್ತು ನಿಮಿಷ ಇದ್ದಾಗ ಆ ಕಳ್ಳ ಮತ್ತೆ ಬೆಲೆ ಏರಿಸಿದ.

ಅನಂತರಾಮು ಮೊಬೈಲನ್ನು ಮೇಜಿನ ಕೆಳಗೇ ಹಿಡಿದು ನೋಡಿದರು. ನಲವತ್ತೊಂದು ಲಕ್ಷ. ಎರಡು ಕೋಣೆ, ಮುಂದೊಂದು ಜಗಲಿ, ಎದುರಿಗೆ ಕೆರೆ. ಪುಣ್ಯಕ್ಕೆ ರೂಪಾಯಿಯಲ್ಲ, ನಾಣ್ಯ. ಮನೆ ಇದ್ದದ್ದು 'ಏಳು ದ್ವೀಪ' ಎಂಬ ಆನ್‌ಲೈನ್ ಆಟದಲ್ಲಿ.

ಹೋಟೆಲಿನ ಮೇಜಿಗೆ ಎದುರು ಕೂತಿದ್ದ ಗೆಳೆಯ ಸೀನು ತನ್ನ ಫೋನನ್ನು ಪಕ್ಕಕ್ಕಿಟ್ಟು ಕಾಫಿ ಆರಿಸಿಕೊಳ್ಳುತ್ತಿದ್ದ. ಅವನಿಗೆ ಏನೂ ಗೊತ್ತಾಗಬಾರದು. ಆ ಮನೆ ಅವನಿಗಾಗಿಯೇ.

ಕೊರೊನಾ ಕಾಲದಲ್ಲಿ ಜಯನಗರದ ಪಾರ್ಕಿಗೆ ಬೀಗ ಬಿದ್ದಾಗ ಅನಂತರಾಮು ಅವರ ಸೊಸೆ ಶುಭಾ ಇಬ್ಬರಿಗೂ ಆ ಆಟ ಹಾಕಿಕೊಟ್ಟಿದ್ದಳು. ಇಬ್ಬರೂ ರಾಕ್ಷಸರನ್ನು ಕೊಂದು, ಕೂಡಿಟ್ಟು, ಮೂರನೇ ದ್ವೀಪದಲ್ಲಿ ಎಂಟು ಸಾವಿರಕ್ಕೆ ಆ ಮನೆ ಕೊಂಡರು. ಸಂಜೆಯಾದರೆ ಕತ್ತಿ ಪಕ್ಕಕ್ಕಿಟ್ಟು ಜಗಲಿಯ ಮೇಲೆ ಕೂತು ರಾಜಕೀಯ ಮಾತಾಡಿದರು. ಪಾರ್ಕಿನ ಬೀಗ ತೆಗೆದ ಮೇಲೂ ಜಗಲಿ ಬಿಡಲಿಲ್ಲ.

ಆಮೇಲೆ ಬೆಲೆ ಏರಿತು. ಒಬ್ಬ ರಾಕ್ಷಸ ಸತ್ತರೆ ಹತ್ತು ನಾಣ್ಯ ಉದುರುತ್ತದೆ. ದಿನಕ್ಕೆ ಕೋಟಿ ರಾಕ್ಷಸರು ಸಾಯುತ್ತಾರೆ. ದ್ವೀಪ ಮಾತ್ರ ಏಳೇ. ಎರಡು ನಾಣ್ಯದ ರೊಟ್ಟಿ ಇನ್ನೂರಾಯಿತು. ಮೂವತ್ತು ವರ್ಷ ಸರ್ಕಾರಿ ನೌಕರಿಯಲ್ಲಿ ಬೀನ್ಸ್, ಬೇಳೆಯ ಧಾರಣೆ ಬರೆದುಕೊಂಡ ಅನಂತರಾಮು ಅವರಿಗೆ ಇದು ಏಕೆ ಅಂತ ಚೆನ್ನಾಗಿ ಗೊತ್ತು. ತಡೆಯುವುದು ಆಗಲೂ ಕೈಲಿರಲಿಲ್ಲ, ಈಗಲೂ ಇಲ್ಲ.

ಮನೆಯ ಕಂದಾಯವೂ ಏರಿತು. ಕಳೆದ ತಿಂಗಳು ಕಟ್ಟುವ ಸರದಿ ಸೀನುವಿನದು. ಅದೇ ವಾರ ಅವನಿಗೆ ಎದೆನೋವು, ಆಸ್ಪತ್ರೆ, ಸ್ಟೆಂಟು. ಹೊರಗೆ ಬರುವಷ್ಟರಲ್ಲಿ ಮನೆ ಹರಾಜಿಗೆ ಹೋಗಿತ್ತು.

"ನನ್ನಿಂದ ಹೋಯ್ತು ಕಣೋ," ಅಂದಿದ್ದ. "ಆಟಾನೇ ಫೋನಿಂದ ತೆಗೆದ್ಹಾಕ್ಬಿಟ್ಟೆ."

ಅಲ್ಲಿಂದಾಚೆಗೆ ಅವನು ಮೊದಲಿನ ಸೀನು ಅಲ್ಲ. ಸ್ಕೂಟರ್ ಬಿಟ್ಟು ನಡೆದೇ ಬರುತ್ತಿದ್ದ; ಡಾಕ್ಟರು ಹೇಳಿದ್ದಾರಂತೆ. ಅದಕ್ಕಿಂತ ಹೆದರಿಕೆಯ ಲಕ್ಷಣ ಇನ್ನೊಂದು: ಬಿಲ್ಲಿಗೆ ಜಗಳವಾಡುತ್ತಿರಲಿಲ್ಲ. ನಲವತ್ತು ವರ್ಷ ಇಬ್ಬರೂ 'ನಾನು ಕೊಡ್ತೀನಿ, ನಾನು ಕೊಡ್ತೀನಿ' ಎಂದು ಕೈ ಹಿಡಿದು ಎಳೆದಾಡಿ, ಹಿಂದೆ ನಿಂತವರಿಂದ ಬೈಸಿಕೊಂಡವರು. ಈಗ ಬಿಲ್ಲು ಬಂದರೆ ಸೀನು ಕಿಟಕಿಯಾಚೆ ನೋಡುತ್ತಿದ್ದ. ಮನುಷ್ಯ ಒಳಗೇ ಕುಸಿದಿದ್ದಾನೆ.

ಅದಕ್ಕೇ ಅನಂತರಾಮು ಆಟದೊಳಗಿನ ತಮ್ಮ ಕುದುರೆ, ಗಿರಣಿ, ಎರಡು ಹೊಲ ಮಾರಿದರು. "ನಿಜವಾದ ಮನೆಗೆ ಸುಣ್ಣ ಹೊಡಿಸಿ ಹತ್ತು ವರ್ಷ ಆಯ್ತು," ಅಂದರು ಹೆಂಡತಿ ವಾರಿಜಾ.

ಕೂಗುವವರ ಹೆಸರು ಹರಾಜು ಮುಗಿಯುವವರೆಗೆ ಗುಟ್ಟು. ಉಳಿದವರೆಲ್ಲ ಎಂದೋ ಹಿಂದೆ ಸರಿದಿದ್ದರು. ಈ ಒಬ್ಬ ಮಾತ್ರ ಮೂರು ವಾರದಿಂದ, ಇವರು ಸಾವಿರ ಏರಿಸಿದರೆ ಹತ್ತು ಸಾವಿರ ಏರಿಸುತ್ತಿದ್ದ. ಅಷ್ಟು ನಾಣ್ಯ ರಾಕ್ಷಸರಿಂದ ಬರುವಂಥದ್ದಲ್ಲ. ರೂಪಾಯಿ ಸುರಿದು ಕೊಂಡದ್ದು. ಹುಳಿಮಾವಿನ ಕಡೆ ಸೈಟು ಮಾರಿದ ಯಾವನೋ ಇರಬೇಕು.

"ಏನೋ ಅದು, ಮೇಜಿನ ಕೆಳಗೆ?" ಸೀನು ಕೇಳಿದ.

"ಶುಗರ್ ರಿಪೋರ್ಟು."

"ಎಷ್ಟಿದೆ?"

"ಏರ್ತಾನೇ ಇದೆ."

"ಎಲ್ಲಾನೂ ಏರ್ತಿದೆ ಬಿಡು," ಎಂದ ಸೀನು, ಮಗಳ ಮೆಸೇಜು ಬಂತೆಂದು ತನ್ನ ಫೋನಿಗೆ ತಿರುಗಿದ.

ಉಳಿದದ್ದನ್ನೆಲ್ಲ ಬಾಚಿ ಅನಂತರಾಮು ನಲವತ್ತೆರಡು ಲಕ್ಷ ಕೂಗಿದರು. ಕೊನೆಯ ನಿಮಿಷ. ನಲವತ್ತೈದು, ಅಂದಿತು ಪರದೆ. ಇವರ ಬಳಿ ಇನ್ನು ರೊಟ್ಟಿಗೂ ಕಾಸಿಲ್ಲ. ಮನೆ ಹೋಯಿತು. ಗೆದ್ದವನ ಹೆಸರು ನೋಡಲು ಮನಸ್ಸಾಗದೆ ಮೊಬೈಲನ್ನು ಜೇಬಿಗೆ ಹಾಕಿದರು.

ಬಿಲ್ಲು ಬಂತು. ಅಭ್ಯಾಸಬಲದಿಂದ ಅನಂತರಾಮು ಅದರ ಮೇಲೆ ಕೈ ಇಟ್ಟರು. ಸೀನು ಅವರ ಮಣಿಕಟ್ಟನ್ನು ಹಿಡಿದ. ಹಳೆಯ ಉಡದ ಹಿಡಿತ.

"ಕೈ ತೆಗಿ, ಇವತ್ತು ನಂದು." ಅವನ ಕಣ್ಣು ಹೊಳೆಯುತ್ತಿತ್ತು. "ಸಂಜೆ ಜಗಲಿಗೆ ಬಾ. ಆಟ ತೆಗೆದಿರ್ಲಿಲ್ಲ, ಸುಳ್ಳು ಹೇಳಿದ್ದೆ. ನಮ್ಮನೆ ವಾಪಸ್ ತಗೊಂಡೆ ಕಣೋ! ಯಾವನೋ ಬಡ್ಡಿಮಗ ಮೂರು ವಾರದಿಂದ ಬಿಡದೆ ಏರಿಸ್ತಿದ್ದ. ಸ್ಕೂಟರ್ ಮಾರಿ ನಾಣ್ಯ ಕೊಂಡೆ. ಅವನೊಂದ್ಸಲ ಕೈಗೆ ಸಿಗ್ಬೇಕು..."

ನಲವತ್ತು ವರ್ಷದಲ್ಲಿ ಮೊದಲ ಸಲ, ಅನಂತರಾಮು ಬಿಲ್ಲಿನ ಮೇಲಿಂದ ಕೈ ತೆಗೆದರು.